ರನ್‌ವೇ ಕೇಳೋರು ಸಾವಿರ, ಮೋಡದೊಳಗಿನ ದಾರಿ ಕೇಳೋರು ಯಾರು?

ನಮ್ಮ ಮೈಸೂರಿನಲ್ಲಿ ವಿಮಾನ ನಿಲ್ದಾಣದ ಮಾತು ಬಂದರೆ ಎರಡೇ ಜಗಳ. ಮಂಡಕಳ್ಳಿಯ 1,740 ಮೀಟರ್ ರನ್‌ವೇಯನ್ನು 2,750 ಮೀಟರಿಗೆ ಎಳೆಯೋದು ಯಾವಾಗ? ಅದಕ್ಕೆ ಯಾರ ಹೆಸರಿಡೋದು? 2023ರ ಡಿಸೆಂಬರಿನಲ್ಲಿ ಹೆಸರಿನ ಗಲಾಟೆ ವಿಧಾನಸಭೆಯನ್ನೂ ಮುಟ್ಟಿ ಬಂತು. ಮೋಡ ಕವಿದ ದಿನ ವಿಮಾನ ಯಾವ ದಾರಿ ಹಿಡಿದು ಇಳಿಯುತ್ತೆ, ಇಳಿ ಅಂತ ಹೇಳೋರು ಯಾರು ಅಂತ ಒಬ್ಬ ಜನಪ್ರತಿನಿಧಿ ಕೇಳಿದ್ದನ್ನು ನಾನಂತೂ ಕಂಡಿಲ್ಲ.

ಮಂಡಕಳ್ಳಿಯಲ್ಲಿ ಕಂಟ್ರೋಲ್ ಟವರ್ ಇದೆ, ಸರಿ. ಆದರೆ ಜಿಲ್ಲೆಗೊಂದು ನಿಲ್ದಾಣ ಬೇಕು ಅಂತ ಹೊರಟಿದ್ದೀವಲ್ಲ, ಅಲ್ಲೆಲ್ಲ?

2026ರ ಜನವರಿ 28ರಂದು ಬಾರಾಮತಿಯಲ್ಲಿ ಮಹಾರಾಷ್ಟ್ರದ ಉಪಮುಖ್ಯಮಂತ್ರಿ ಅಜಿತ್ ಪವಾರ್ ಇದ್ದ ಪುಟ್ಟ ವಿಮಾನ ಇಳಿಯುವಾಗ ಬಿದ್ದು ಐವರೂ ಸತ್ತರು. ಕಾರಣ ಏನು ಅನ್ನೋದನ್ನು ತನಿಖೆ ಹೇಳಲಿ. ಆದರೆ ಸರ್ಕಾರವೇ ಅವತ್ತು ಹೇಳಿದ ಸಂಗತಿಗಳನ್ನು ನೋಡಿ. ಅದು ನಿಯಂತ್ರಣವಿಲ್ಲದ ನಿಲ್ದಾಣ. ರೇಡಿಯೋದಲ್ಲಿ ಮಾಹಿತಿ ಕೊಡೋರು ಅಲ್ಲಿನ ವಿಮಾನ ತರಬೇತಿ ಶಾಲೆಗಳ ಬೋಧಕರು, ಪೈಲಟ್‌ಗಳು. ಗೋಚರತೆ ಸುಮಾರು 3,000 ಮೀಟರ್. ಕಣ್ಣಿನಿಂದ ನೋಡಿಕೊಂಡು ಹಾರಲು ನಿಯಮ ಕೇಳೋದು 5 ಕಿಲೋಮೀಟರ್. ಅದೇ ಹೇಳಿಕೆಯಲ್ಲಿ ಇಳಿಯಲು ಅನುಮತಿ ಕೊಡಲಾಗಿತ್ತು ಅನ್ನುವ ಮಾತೂ ಇದೆ. ನಿಯಂತ್ರಣವೇ ಇಲ್ಲದ ಕಡೆ ಅನುಮತಿ ಹೇಗೆ ಹುಟ್ಟಿತು ಸ್ವಾಮಿ? ಗಾಳಿ ಎತ್ತ ಬೀಸ್ತಿದೆ ಅಂತ ಹೇಳೋದು ಮಾಹಿತಿ. ಇಳಿ ಅನ್ನೋದು ಜವಾಬ್ದಾರಿ. ಇವೆರಡನ್ನೂ ಒಂದೇ ಮಾಡಿದ ಕಡೆ ಜವಾಬ್ದಾರಿ ಯಾರದ್ದೂ ಆಗಿರೋದಿಲ್ಲ.

ಟವರ್ ಇಲ್ಲದ್ದೇ ತಪ್ಪು ಅಂತ ನಾನು ಹೇಳ್ತಿಲ್ಲ. ಅಮೆರಿಕದಲ್ಲಿ ಸಾರ್ವಜನಿಕರು ಬಳಸುವ ನಿಲ್ದಾಣಗಳು 5,000ದಷ್ಟಿವೆ. ಟವರ್ ಇರೋದು 500ರ ಆಸುಪಾಸಿನಲ್ಲಿ ಮಾತ್ರ. ಮಿಕ್ಕವುಗಳಲ್ಲೂ ಮೋಡದ ದಿನ ವಿಮಾನ ಏರುತ್ತವೆ, ಇಳಿಯುತ್ತವೆ. ಹೇಗೆ? ಪೈಲಟ್ ನೆಲದಿಂದಲೇ ಫೋನಿನಲ್ಲೋ ರೇಡಿಯೋದಲ್ಲೋ ದೂರದ ನಿಯಂತ್ರಣ ಕೇಂದ್ರದಿಂದ ಕ್ಲಿಯರೆನ್ಸ್ ತಗೋತಾನೆ. ಅದಕ್ಕೆ ಅವಧಿ ಇರುತ್ತೆ: ಇಂಥ ಹೊತ್ತಿನೊಳಗೆ ಏರದಿದ್ದರೆ ಅನುಮತಿ ರದ್ದು, ಏರಲಿಲ್ಲ ಅಂತ ವಾಪಸ್ ತಿಳಿಸಲೇಬೇಕು. ಅಲ್ಲಿಯವರೆಗೆ ಮೋಡದೊಳಗಿನ ಆ ಜಾಗ ಅವನೊಬ್ಬನದೇ, ಇನ್ನೊಬ್ಬರನ್ನು ಬಿಡೋದಿಲ್ಲ. ನಮ್ಮ ಸಾಫ್ಟ್‌ವೇರಿನವರಿಗೆ ಇದು ಟೈಮ್‌ಔಟ್ ಇರುವ ಲಾಕ್. ಊರಿನವರಿಗೆ ಅರ್ಥ ಆಗೋ ಹಾಗೆ ಹೇಳಬೇಕಂದ್ರೆ, ಒಂಟಿ ಹಳಿಯ ರೈಲಿಗೆ ಸ್ಟೇಷನ್ ಮಾಸ್ಟರ್ ಕೊಡ್ತಿದ್ದ ಟೋಕನ್. ಟೋಕನ್ ಕೈಯಲ್ಲಿಲ್ಲದೆ ಗಾಡಿ ಹೊರಡೋ ಹಾಗಿಲ್ಲ.

ಇಳಿಯೋಕೂ ಹಾಗೇ, ಬರೆದಿಟ್ಟ ದಾರಿ ಬೇಕು. ಯಾವ ಬಿಂದುವಿನಲ್ಲಿ ಎಷ್ಟು ಎತ್ತರ, ಎಷ್ಟು ಇಳಿದ ಮೇಲೂ ರನ್‌ವೇ ಕಾಣದಿದ್ದರೆ ವಾಪಸ್ ಏರಬೇಕು, ಏರಿ ಎತ್ತ ತಿರುಗಬೇಕು. ಸುತ್ತಲ ಗುಡ್ಡ, ಗೋಪುರ ಎಲ್ಲ ಅಳೆದು ಮಾಡಿದ ನಕ್ಷೆ ಅದು. ಅದಿಲ್ಲದ ಕಡೆ ದೂರದ ಕೇಂದ್ರ ಒಂದು ಹಂತದವರೆಗೆ ಕರೆತಂದು ಕೈಬಿಡುತ್ತೆ. ಅಲ್ಲಿಂದಾಚೆ ನಿಮ್ಮ ಕಣ್ಣೇ ನಿಮಗೆ ಗತಿ. ಆ ಕಣ್ಣಿಗೆ ಮಂಜು ಅಡ್ಡ ಬಂದರೆ?

ಶಿವಮೊಗ್ಗವನ್ನೇ ನೋಡಿ. ಸೋಗಾನೆಯಲ್ಲಿ 3,200 ಮೀಟರಿನ ರನ್‌ವೇ, ಕಮಲದಾಕಾರದ ಟರ್ಮಿನಲ್. 2023ರ ಫೆಬ್ರವರಿ 27ರಂದು ಪ್ರಧಾನಿಯಿಂದಲೇ ಉದ್ಘಾಟನೆ. ಆದರೆ ರಾತ್ರಿ ಇಳಿಯುವ ವ್ಯವಸ್ಥೆ ಜೊತೆಗೆ ಬರಲಿಲ್ಲ, ಮಲೆನಾಡಿನ ಮಂಜಿಗೆ ವಿಮಾನಗಳು ಇಳಿಯಲಾಗದೆ ತಿರುಗಿ ಹೋದವು. ಮನೆ ಕಟ್ಟಿ, ಬಣ್ಣ ಬಳಿದು, ಗೃಹಪ್ರವೇಶದ ಊಟ ಹಾಕಿದ ಮೇಲೆ ಬಾವಿ ತೋಡೋಕೆ ಜಾಗ ಹುಡುಕಿದ ಹಾಗಾಯ್ತು.

ದಿನಕ್ಕೆರಡು ವಿಮಾನಕ್ಕೆ ಇಷ್ಟೆಲ್ಲ ಖರ್ಚು ಬೇಕಾ ಅಂತೀರಾ? ನೆಲದ ಮೇಲೆ ದುಬಾರಿ ಯಂತ್ರ ನಿಲ್ಲಿಸುವ ಕಾಲ ಹೋಯ್ತು ಕಣ್ರೀ. ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಕಟ್ಟಿದ ಗಗನ್ ಉಪಗ್ರಹ ವ್ಯವಸ್ಥೆ ಇದೆ. 2022ರ ಏಪ್ರಿಲ್‌ನಲ್ಲಿ ರಾಜಸ್ಥಾನದ ಕಿಶನ್‌ಗಢದಲ್ಲಿ ಇಂಡಿಗೋದ ಎಟಿಆರ್ ವಿಮಾನ ಅದನ್ನೇ ನೆಚ್ಚಿ ಇಳಿದು ತೋರಿಸಿತು. ಕಿಶನ್‌ಗಢಕ್ಕೆ ಆಗಿದ್ದು ನಮ್ಮೂರುಗಳಿಗೆ ಆಗಬಾರದಾ? ವಿಮಾನದಲ್ಲಿ ತಕ್ಕ ಉಪಕರಣ ಇರಬೇಕು, ನಿಜ. ಆದರೆ ನಿಲ್ದಾಣಕ್ಕೆ ಬೇಕಾದ್ದು ಸರ್ವೆ, ನಕ್ಷೆ, ಪರೀಕ್ಷಾ ಹಾರಾಟ ಮತ್ತು ಕೂತು ಕೆಲಸ ಮಾಡೋ ನಾಲ್ಕು ಜನ. ಕಾಂಕ್ರೀಟಿನ ಲೆಕ್ಕದಲ್ಲಿ ಇದು ಚಿಲ್ಲರೆ. ರಿಬ್ಬನ್ ಕತ್ತರಿಸೋಕೆ ಆಗಲ್ಲ, ಅದೇ ಇದರ ದೋಷ.

ಹಾಸನ, ವಿಜಯಪುರ, ರಾಯಚೂರುಗಳ ಸರದಿ ಬರ್ತಿದೆ. ಮೊದಲ ಪ್ರಯಾಣಿಕ ಹತ್ತುವ ಮುಂಚೆ ಮೂರು ಪ್ರಶ್ನೆ ಕೇಳೋಣ. ಮೋಡದಲ್ಲಿ ಇಳಿಯುವ ದಾರಿ ಪ್ರಕಟ ಆಗಿದೆಯಾ? ಹವಾಮಾನವನ್ನು ಅಳೆದು ಹೇಳೋಕೆ ಯಂತ್ರವೂ ತರಬೇತಾದ ಮನುಷ್ಯನೂ ಇದ್ದಾರಾ? ಹೂಂ, ಉಹೂಂ ಅನ್ನೋ ಅಧಿಕಾರ ಯಾರದ್ದು ಅಂತ ಕಾಗದದಲ್ಲಿದೆಯಾ? ಮೂರಕ್ಕೂ ಉತ್ತರ ಸಿಗದಿದ್ದರೆ ಮೋಡದ ದಿನ ಅಲ್ಲಿಗೆ ವಿಮಾನ ಬಿಡಬೇಡಿ. ಹೆಸರು ಯಾರದ್ದು ಬೇಕಾದರೂ ಇಡಿ, ನಮ್ಮ ತಕರಾರಿಲ್ಲ.