ಈ ನಕಲು ತಪ್ಪಲ್ಲ!

1998ರ ಮಾತು. ಅಮೆರಿಕದ ಪಿಕ್ಸಾರ್ ಸಂಸ್ಥೆಯಲ್ಲಿ ‘ಟಾಯ್ ಸ್ಟೋರಿ 2’ ಎಂಬ ಕಾರ್ಟೂನ್ ಚಿತ್ರ ತಯಾರಾಗುತ್ತಿತ್ತು. ಯಾರೋ ಕೊಟ್ಟ ಒಂದು ತಪ್ಪು ಆದೇಶದಿಂದ ಕಂಪ್ಯೂಟರಿನಲ್ಲಿದ್ದ ಚಿತ್ರದ ಬಹುಭಾಗ ನೋಡನೋಡುತ್ತಲೇ ಅಳಿಸಿಹೋಯಿತು. ಬ್ಯಾಕಪ್ ಇದೆಯಲ್ಲ ಎಂದು ತೆಗೆದು ನೋಡಿದರೆ ಅದೂ ಕೆಟ್ಟಿತ್ತು! ಕೊನೆಗೆ ಕೈಹಿಡಿದದ್ದು ತಾಂತ್ರಿಕ ನಿರ್ದೇಶಕಿ ಗ್ಯಾಲಿನ್ ಸುಸ್‌ಮನ್ ಅವರ ಮನೆಯ ಕಂಪ್ಯೂಟರ್. ಹೆರಿಗೆಯ ನಂತರ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಅವರ ಬಳಿ ಚಿತ್ರದ ಒಂದು ಪ್ರತಿ ಇತ್ತು.

ಪರೀಕ್ಷೆಯಲ್ಲಿ ನಕಲು ಮಾಡಿದರೆ ಡಿಬಾರ್. ಕಂಪ್ಯೂಟರಿನಲ್ಲಿ ನಕಲು ಮಾಡದಿದ್ದರೇ ಶಿಕ್ಷೆ!

ಹಾರ್ಡ್ ಡಿಸ್ಕ್ ಒಳಗೆ ನುಣುಪಾದ ತಟ್ಟೆಗಳು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತಿರುತ್ತವೆ. ಓದುವ ತಲೆ ತಟ್ಟೆಯನ್ನು ಮುಟ್ಟದೆ, ಕೂದಲೆಳೆಗಿಂತ ಎಷ್ಟೋ ಪಾಲು ಕಡಿಮೆ ಅಂತರದಲ್ಲಿ ತೇಲುತ್ತದೆ. ಓಡುತ್ತಿರುವಾಗ ಒಂದು ಪೆಟ್ಟು ಬಿದ್ದರೆ ಸಾಕು, ತಲೆ ತಟ್ಟೆಗೆ ತಗುಲಿ ಮಾಹಿತಿಯೆಲ್ಲ ಗೀರಿಹೋಗಬಹುದು. ಹೊಸ ಲ್ಯಾಪ್‌ಟಾಪುಗಳ ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆ ಇಲ್ಲ, ನಿಜ. ಆದರೆ ಅದು ಕೆಡುವಾಗ ಸದ್ದು, ಸೂಚನೆ ಯಾವುದೂ ಇಲ್ಲದೆ ಕೆಡುವುದುಂಟು.

ಹಾಗಾದರೆ ಏನೇನನ್ನು ನಕಲು ಮಾಡಿಡಬೇಕು? ವಿಂಡೋಸ್, ಆಟಗಳು, ಸಿನಿಮಾಗಳನ್ನು ಮತ್ತೆ ಹಾಕಿಸಿಕೊಳ್ಳಬಹುದು. ಅಂಕಪಟ್ಟಿ ಕೂಡ ಅರ್ಜಿ ಹಾಕಿದರೆ ಇನ್ನೊಂದು ಸಿಗುತ್ತದೆ. ಆದರೆ ಮಗಳು ಮೂರು ತಿಂಗಳು ಕುಳಿತು ಬರೆದ ಪ್ರಾಜೆಕ್ಟ್ ವರದಿ, ತೀರಿಹೋದ ಅಜ್ಜಿಯ ಫೋಟೋ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಮೊದಲು ಇಂಥವನ್ನು ಪಟ್ಟಿ ಮಾಡಿ.

‘ಸಿ ಡ್ರೈವ್‌ನಲ್ಲಿದ್ದದ್ದನ್ನು ಡಿ ಡ್ರೈವ್‌ಗೂ ಹಾಕಿದ್ದೇವೆ’ ಎಂದು ನೆಮ್ಮದಿಯಿಂದ ಇರುವವರು ಬಹಳ. ಹಲವು ಮನೆಗಳ ಕಂಪ್ಯೂಟರಿನಲ್ಲಿ ಇವೆರಡೂ ಒಂದೇ ಡಿಸ್ಕಿನ ಎರಡು ಕೋಣೆಗಳು. ಮನೆಗೇ ಬೆಂಕಿ ಬಿದ್ದರೆ ಅಡುಗೆಮನೆಯೇನು, ನಡುಮನೆಯೇನು?

ಪೆನ್‌ಡ್ರೈವ್ ಅಗ್ಗ, ಕಾಲೇಜಿಗೆ ಒಯ್ಯಲು ಅನುಕೂಲ. ಆದರೆ ಕಳೆದುಹೋಗುವುದೂ ಅಷ್ಟೇ ಸುಲಭ. ವರ್ಷಗಟ್ಟಲೆ ಮಾಹಿತಿ ಕಾಪಾಡಲು ಅದನ್ನೊಂದನ್ನೇ ನಂಬಬಾರದು. ಸಾಮಾನ್ಯ ಡಿವಿಡಿಯಲ್ಲಿ ಹಿಡಿಸುವುದು 4.7 ಜಿಬಿ, 500 ಜಿಬಿಗೆ ನೂರಕ್ಕೂ ಹೆಚ್ಚು ಡಿವಿಡಿ ಬೇಕು. ಅದನ್ನು ಮರೆತುಬಿಡಿ.

ಮನೆಗೆ ಹೊಂದುವುದು ಯುಎಸ್‌ಬಿ ಮೂಲಕ ಜೋಡಿಸುವ ಹೊರ ಹಾರ್ಡ್ ಡಿಸ್ಕ್. ನಿಮ್ಮ ಕಂಪ್ಯೂಟರಿನ ಡಿಸ್ಕಿಗಿಂತ ಎರಡು ಪಟ್ಟು ದೊಡ್ಡದನ್ನು ಕೊಂಡರೆ ಹಳೆಯ ಪ್ರತಿಗಳಿಗೂ ಜಾಗ ಇರುತ್ತದೆ. ವಿಂಡೋಸ್‌ನ ‘ಫೈಲ್ ಹಿಸ್ಟರಿ’, ಆಪಲ್‌ನ ‘ಟೈಮ್ ಮಷೀನ್’ ಈ ಕೆಲಸವನ್ನು ತಾವೇ ಮಾಡುತ್ತವೆ. ನಕಲು ಮುಗಿದ ಕೂಡಲೇ ಡಿಸ್ಕನ್ನು ಬಿಡಿಸಿ ಬೀರುವಿನಲ್ಲಿಡಿ. ಏಕೆಂದರೆ, 2017ರ ಮೇ ತಿಂಗಳಲ್ಲಿ ಜಗತ್ತನ್ನೇ ಕಾಡಿದ ‘ವಾನ್ನಾಕ್ರೈ’ಯಂಥ ಸುಲಿಗೆ ತಂತ್ರಾಂಶಗಳು ಜೋಡಿಸಿಟ್ಟ ಡಿಸ್ಕಿಗೂ ಬೀಗ ಜಡಿಯುತ್ತವೆ.

ಇನ್ನು ಅಂತರಜಾಲದ ಕ್ಲೌಡ್. ಮನೆಗೆ ಕಳ್ಳ ನುಗ್ಗಿದರೂ, ಮಳೆನೀರು ನುಗ್ಗಿದರೂ ಅಲ್ಲಿನ ಪ್ರತಿ ಸುರಕ್ಷಿತ. ಆದರೆ ಸೆಕೆಂಡಿಗೆ 10 ಮೆಗಾಬಿಟ್ ವೇಗದಲ್ಲಿ 100 ಜಿಬಿ ಕಳಿಸಲು ಸುಮಾರು 22 ಗಂಟೆ ಬೇಕು. ಹೆಚ್ಚು ಜಾಗಕ್ಕೆ ತಿಂಗಳ ಬಾಡಿಗೆಯೂ ಉಂಟು. ಇನ್ನೊಂದು ಎಚ್ಚರ: ‘ಸಿಂಕ್’ ಎಂದರೆ ಬ್ಯಾಕಪ್ ಅಲ್ಲ. ಇಲ್ಲಿ ಅಳಿಸಿದ ಕಡತ ಅಲ್ಲಿಯೂ ಅಳಿಸಿಹೋಗುತ್ತದೆ. ಅಲ್ಲಿನ ಕಸದಬುಟ್ಟಿಯಲ್ಲಿ ಕೆಲವು ದಿನ ಮಾತ್ರ ಉಳಿದಿರುತ್ತದೆ.

ಬಲ್ಲವರು ಪಾಲಿಸುವ ಸೂತ್ರ 3-2-1. ಮುಖ್ಯ ಕಡತಕ್ಕೆ ಒಟ್ಟು 3 ಪ್ರತಿ, 2 ಬಗೆಯ ಸಾಧನಗಳಲ್ಲಿ, ಅವುಗಳಲ್ಲಿ 1 ಮನೆಯ ಹೊರಗೆ. ಕಂಪ್ಯೂಟರಿನಲ್ಲೊಂದು, ಹೊರ ಡಿಸ್ಕಿನಲ್ಲೊಂದು, ಕ್ಲೌಡಿನಲ್ಲೊಂದು ಇದ್ದರೆ ಲೆಕ್ಕ ಸರಿಹೋಯಿತು. ಕ್ಲೌಡ್ ಬೇಡವೆಂದರೆ ಇನ್ನೊಂದು ಡಿಸ್ಕನ್ನು ಚಿಕ್ಕಪ್ಪನ ಮನೆಯಲ್ಲಿಡಿ.

ಭಾನುವಾರಕ್ಕೊಮ್ಮೆ ನಕಲು ಮಾಡುವ ಕೆಲಸವನ್ನು ಮಕ್ಕಳಿಗೇ ವಹಿಸಿ. ತಿಂಗಳಿಗೊಮ್ಮೆ ತಂದೆ ತಾಯಿ ಪಕ್ಕದಲ್ಲಿ ಕುಳಿತು, ನಕಲಿನಿಂದ ಒಂದೆರಡು ಕಡತಗಳನ್ನು ತೆರೆಸಿ ನೋಡಲಿ. ಪಿಕ್ಸಾರ್‌ನವರು ಬಿಟ್ಟಿದ್ದು ಇದೊಂದನ್ನೇ.