ನೂರು ಮೀಟರಿನ ಈಚೆ, ಆಚೆ

ಹಳೇಬೀಡಿನಲ್ಲಿ ಹೊಯ್ಸಳೇಶ್ವರ ದೇವಸ್ಥಾನದ ಹತ್ತಿರ ಮನೆಯಿರುವವರು ಗೋಡೆ ಬಿರುಕು ಬಿಟ್ಟರೆ ಮೊದಲು ಹುಡುಕಬೇಕಾದದ್ದು ಗಾರೆ ಕೆಲಸದವನನ್ನಲ್ಲ, ಅರ್ಜಿ ಬರೆದುಕೊಡುವವನನ್ನು. ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಜಾಗದಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಮೊದಲ ನೂರು ಮೀಟರಿನಲ್ಲಿ ಹೊಸ ಮನೆ ಕಟ್ಟುವಂತಿಲ್ಲ. ಹಳೆಯದನ್ನು ಕೆಡವಿ ಅಷ್ಟೇ ಅಳತೆಯಲ್ಲಿ ಎಬ್ಬಿಸುವಂತೆಯೂ ಇಲ್ಲ. 1992ರ ಜೂನ್ 16ಕ್ಕಿಂತ ಮುಂಚಿನ ಮನೆಯಾದರೆ ಅನುಮತಿ ಪಡೆದು ರಿಪೇರಿ ಮಾಡಿಸಬಹುದು. ಅರ್ಜಿ ಹದಿನೈದು ದಿನದೊಳಗೆ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಹೋಗಬೇಕು, ಪ್ರಾಧಿಕಾರ ಎರಡು ತಿಂಗಳಲ್ಲಿ ಅಭಿಪ್ರಾಯ ಹೇಳಬೇಕು, ಆಮೇಲೆ ಆದೇಶ. ಇದೆಲ್ಲ ಕಾಗದದ ಮೇಲಿನ ಗಡುವು. ಮಣ್ಣಿನ ಗೋಡೆಗೆ ಮುಂಗಾರು ಇಷ್ಟು ಪುರುಸೊತ್ತು ಕೊಡುವುದಿಲ್ಲ. ಅನುಮತಿಗೆ ಕಾಯದೆ ಕಟ್ಟಿಕೊಂಡರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೊ ಪಟ್ಟಿ ಸೇರಿದವು. ಈಗ ಒಂದು ಗುಂಪು ನಿಯಮ ಸಡಿಲಿಸಿ ಎನ್ನುತ್ತದೆ, ಇನ್ನೊಂದು ಬಿಗಿ ಮಾಡಿ ಎನ್ನುತ್ತದೆ. ಇಬ್ಬರಿಗೂ ಮನೆ ಎಂದರೆ ದೇವಸ್ಥಾನಕ್ಕೆ ಅಡ್ಡ ನಿಂತ ವಸ್ತು, ಅಷ್ಟೇ. ಅದರ ಜಗಲಿಗೂ ತೊಟ್ಟಿಗೂ ನಾಡಹೆಂಚಿನ ಮಾಡಿಗೂ ತನ್ನದೇ ಒಂದು ಬೆಲೆಯಿದೆ ಎಂದು ಯಾರೂ ಹೇಳುತ್ತಿಲ್ಲ. ನನ್ನ ತಕರಾರು ಇದೇ.

ಆ ವೃತ್ತ ಬಿಟ್ಟು ನಮ್ಮ ಅರಸೀಕೆರೆ ತಾಲ್ಲೂಕಿನ ಗಂಡಸಿ ಕಡೆಯ ಹಳ್ಳಿಗಳಿಗೆ ಬನ್ನಿ. ಇಲ್ಲಿ ಬಹುತೇಕ ಕಡೆ ಯಾವ ಮೀಟರಿನ ಕಾಟವೂ ಇಲ್ಲ, ಹಾಗೆಂದು ಹಳೇ ಮನೆ ಉಳಿದಿದೆಯೇ? ಅಣ್ಣತಮ್ಮಂದಿರು ಹಿಸ್ಸೆಯಾದಾಗ ತೊಟ್ಟಿಯ ನಡುವೆಯೇ ಇಟ್ಟಿಗೆ ಗೋಡೆ ಏಳುತ್ತದೆ. ಅಲ್ಲಿಗೆ ಬೆಳಕೂ ಹೋಯಿತು, ಗಾಳಿಯೂ ಹೋಯಿತು. ಒಬ್ಬನ ಪಾಲಿನ ಮಾಡು ತೆಗೆದು ತಾರಸಿ ಹಾಕಿದರೆ, ಅದರ ನೀರೆಲ್ಲ ಇನ್ನೊಬ್ಬನ ಜಂತೆಗೆ. ಮಣ್ಣಿನ ಗೋಡೆ ‘ಗಟ್ಟಿ’ಯಾಗಲಿ ಎಂದು ಸಿಮೆಂಟ್ ಮೆತ್ತಿಸುವವರದು ಬೇರೆಯೇ ಕಥೆ. ಬುಡದಿಂದ ಏರುವ ತೇವ ಗಾರೆಯ ಗಿಲಾವಿನಲ್ಲಿ ಆರಿಹೋಗುತ್ತಿತ್ತು. ಸಿಮೆಂಟಿನ ಹಿಂದೆ ಅದಕ್ಕೆ ದಾರಿಯಿಲ್ಲ, ಒಳಗೊಳಗೇ ಮಣ್ಣು ಕರಗುತ್ತದೆ. ಕೆಲವು ಮಳೆಗಾಲ ಕಳೆದ ಮೇಲೆ ಗಿಲಾವು ಹಪ್ಪಳದ ಹಾಗೆ ಎದ್ದು ನಿಲ್ಲುತ್ತದೆ. ಆಗ ಬೈಸಿಕೊಳ್ಳುವುದು ಮಾತ್ರ ಮಣ್ಣು. ಕೆಡವಿದ ಮನೆಯ ಕಂಬ, ಬೋದಿಗೆ, ಕೆತ್ತನೆಯ ಬಾಗಿಲುವಾಡಗಳು ಹಳೇ ಮರದ ವ್ಯಾಪಾರಿಯ ಲಾರಿ ಹತ್ತಿ ಬೆಂಗಳೂರಿನ ಸುತ್ತಣ ರೆಸಾರ್ಟುಗಳನ್ನು ಸೇರುತ್ತವೆ. ನಮ್ಮವರೇ ಅಲ್ಲಿಗೆ ಹೋಗಿ ಆ ಕಂಬಕ್ಕೆ ಒರಗಿ ಫೋಟೊ ತೆಗೆಸಿಕೊಳ್ಳುತ್ತಾರೆ.

ಹಳೇ ಮನೆಯಲ್ಲಿರುವವರ ಗೋಳು ಸುಳ್ಳಲ್ಲ. ಕೋತಿಗಳು ನಾಡಹೆಂಚು ಎತ್ತಿ ಎಸೆಯುತ್ತವೆ. ವರ್ಷಕ್ಕೊಮ್ಮೆ ಹೆಂಚು ಕೈಯಾಡಿಸಲು ಆಳು ಸಿಗುವುದಿಲ್ಲ, ಸಿಕ್ಕವನಿಗೆ ಕೆಲಸ ಬರುವುದಿಲ್ಲ. ನಡುಮನೆಯಲ್ಲಿ ಹಗಲೇ ಕತ್ತಲೆ. ಕೀಲು ನೋವಿನ ಅಜ್ಜಿ ರಾತ್ರಿ ಎದ್ದು ಹಿತ್ತಲಿಗೆ ಹೋಗಬೇಕು. ಇದನ್ನೆಲ್ಲ ಸಹಿಸಿಕೊಂಡು ‘ಸಂಸ್ಕೃತಿ ಉಳಿಸಿ’ ಎಂದು ಅಪಾರ್ಟ್‌ಮೆಂಟಿನಲ್ಲಿ ಕೂತು ಬರೆಯುವವರ ಮಾತಿಗೆ ಯಾರು ಕಿವಿಗೊಡುತ್ತಾರೆ? ಅಡುಗೆಮನೆ ಬದಲಾಗಲಿ, ಬಚ್ಚಲು–ಪಾಯಿಖಾನೆ ಒಳಗೆ ಬರಲಿ, ವೈರಿಂಗ್ ಹೊಸದಾಗಲಿ, ಮಾಡಿನಲ್ಲಿ ಅಲ್ಲಲ್ಲಿ ಗಾಜಿನ ಹೆಂಚು ಕೂರಲಿ. ಜಗಲಿ, ತೊಟ್ಟಿ, ಮಾಡಿನ ಇಳಿಜಾರು, ಗೋಡೆಯ ಮಣ್ಣು ಇಷ್ಟು ಉಳಿದರೆ ಮನೆಯ ಚಹರೆ ಉಳಿದ ಹಾಗೆ.

ಮೈಸೂರಿನ ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಅವರ ಮನೆಯನ್ನು 2011ರಲ್ಲಿ ಒಡೆಯಲು ಶುರುಮಾಡಿದಾಗ ಗಲಾಟೆಯಾಯಿತು. ಸರ್ಕಾರ ಕೈಹಾಕಿತು, 2016ರಲ್ಲಿ ಅದು ಸ್ಮಾರಕವಾಗಿ ತೆರೆಯಿತು. ಆಗಬೇಕಾದದ್ದೇ. ಆದರೆ ಕೊಬ್ಬರಿ ಮಾರಿ ಸಂಸಾರ ನಡೆಸಿದವನ ಮನೆಗೆ ಈ ಯೋಗ ಎಲ್ಲಿಂದ ಬರಬೇಕು?

ಸರ್ಕಾರದ ದುಡ್ಡು ಹರಿಯುವ ದಿಕ್ಕೂ ಉಲ್ಟಾ. ಗ್ರಾಮೀಣ ಆವಾಸ್ ಯೋಜನೆಯಲ್ಲಿ ಬಯಲುಸೀಮೆಯ ಫಲಾನುಭವಿಗೆ ಹೊಸ ಮನೆ ಕಟ್ಟಲು ಗೊತ್ತುಮಾಡಿದ ನೆರವು 1.20 ಲಕ್ಷ ರೂಪಾಯಿ. ಮಣ್ಣಿನ ಗೋಡೆಯನ್ನು ಸರ್ಕಾರ ಕಚ್ಚಾ ಲೆಕ್ಕಕ್ಕೆ ಬರೆದುಕೊಳ್ಳುತ್ತದೆ. ಹಾಗಾದರೆ ಬಡವ ಅದನ್ನು ಕೆಡವದೆ ಇನ್ನೇನು ಮಾಡುತ್ತಾನೆ? ತೊಲೆ ಗಟ್ಟಿಯಿರುವ ಮನೆಗೆ ಅಷ್ಟೇ ಹಣವನ್ನು ರಿಪೇರಿಗೂ ಕೊಡಿ, ಹೆಂಚಿನವನಿಗೂ ಗಾರೆಯವನಿಗೂ ನಮ್ಮ ತಾಲ್ಲೂಕಿನಲ್ಲೇ ಕೆಲಸ ಹುಟ್ಟುತ್ತದೆ.

ಸ್ಮಾರಕದ ಸುತ್ತಲಿನ ಬೀದಿಗಳ ವಿಷಯಕ್ಕೆ ಹೊಸ ಕಾಯ್ದೆಯೇನೂ ಬೇಡ. ಒಂದೊಂದು ಸ್ಮಾರಕಕ್ಕೂ ಅದರದೇ ಪಾರಂಪರಿಕ ಉಪವಿಧಿ ಬರೆಯಬೇಕೆಂದು 2010ರ ತಿದ್ದುಪಡಿಯೇ ಹೇಳುತ್ತದೆ. ಬೇಲೂರು, ಹಳೇಬೀಡು, ಅರಸೀಕೆರೆಯ ಶಿವಾಲಯ, ಹಾರನಹಳ್ಳಿ, ಜಾವಗಲ್‌ಗಳ ಉಪವಿಧಿಯಲ್ಲಿ ಎತ್ತರ, ದೂರದ ಲೆಕ್ಕ ಇದ್ದೇ ಇರುತ್ತದೆ. ಗೋಡೆಗೆ ಯಾವ ಗಿಲಾವು, ಮಾಡಿಗೆ ಯಾವ ಹೆಂಚು, ಬಚ್ಚಲು ಎಲ್ಲಿ ಎಂಬುದನ್ನೂ ಅದರಲ್ಲಿ ಬರೆಯಲಿ. ಬರೆಯುವ ಮುಂಚೆ ಅಧಿಕಾರಿಗಳು ಆ ಬೀದಿಯ ಜಗಲಿಗಳ ಮೇಲೆ ಕೂತು ಮನೆಯವರನ್ನು ಕೇಳಲಿ. ಹಾಗೆ ಬರೆದದ್ದಕ್ಕೆ ಒಪ್ಪುವ ರಿಪೇರಿಗೆ ಅನುಮತಿ ಮಳೆಗಾಲಕ್ಕೆ ಮೊದಲೇ ಕೈಸೇರಬೇಕು.