ಹಳೆಯ ಡ್ರೈವಿನೊಳಗಿನ ಕಾಣದ ಬೆಳಕು

ಮಕ್ಕಳೇ, ಮನೆಯ ಅಟ್ಟದ ಮೇಲೆ ಹಳೆಯ ಕಂಪ್ಯೂಟರ್ ಬಿದ್ದಿದ್ದರೆ ಅದರ ಸಿ.ಡಿ. ಅಥವಾ ಡಿ.ವಿ.ಡಿ. ಡ್ರೈವನ್ನು ಒಮ್ಮೆ ಬಿಚ್ಚಿ ನೋಡಿ. ಅಜ್ಜ ಅಜ್ಜಿಯರೇ, ನೀವೂ ಕನ್ನಡಕ ಹಾಕಿಕೊಂಡು ಪಕ್ಕದಲ್ಲೇ ಕುಳಿತುಕೊಳ್ಳಿ. ಇದು ಮಕ್ಕಳನ್ನು ಒಂಟಿಯಾಗಿ ಬಿಡುವ ಕೆಲಸವಲ್ಲ.

ಡ್ರೈವನ್ನು ಕಂಪ್ಯೂಟರಿನಿಂದ ಪೂರ್ತಿ ಹೊರತೆಗೆದಿರಬೇಕು, ಯಾವ ವೈರೂ ಇರಬಾರದು. ಮುಂಭಾಗದಲ್ಲಿ ಸೂಜಿಯಷ್ಟು ಸಣ್ಣ ತೂತು ಇರುತ್ತದೆ. ಪೇಪರ್ ಕ್ಲಿಪ್ಪನ್ನು ನೆಟ್ಟಗೆ ಮಾಡಿ ಅಲ್ಲಿ ಒತ್ತಿದರೆ ತಟ್ಟೆ ಹೊರಬರುತ್ತದೆ. ಬ್ಯಾಂಕಿನಲ್ಲಿ ಅಷ್ಟು ವರ್ಷ ಕ್ಲಿಪ್ ಹಾಕಿದ ನನಗೆ ಅದರ ಈ ಉಪಯೋಗ ತಿಳಿದದ್ದು ನಿವೃತ್ತಿಯ ನಂತರ! ತಳದ ಸ್ಕ್ರೂಗಳನ್ನು ಬಿಚ್ಚಿ ತಗಡನ್ನು ತೆಗೆದರೆ ಡಿಸ್ಕ್ ತಿರುಗಿಸುವ ಮೋಟರು, ಹೊಳೆಯುವ ಉಕ್ಕಿನ ಸಲಾಕೆಗಳು, ಅವುಗಳ ಮೇಲೆ ಜಾರುವ ಪುಟ್ಟ ಗಾಡಿ ಕಾಣುತ್ತವೆ. ಗಾಡಿಯ ನೆತ್ತಿಯಲ್ಲಿ ಕೂದಲಿನಂಥ ತಂತಿಗಳಿಗೆ ತೂಗುಬಿಟ್ಟ ಮಸೂರ, ಕಡಲೆಕಾಳಿಗಿಂತ ಚಿಕ್ಕದು. ಗಾಡಿಯೊಳಗೆ ಲೋಹದ ಗುಂಡಿಯಂತೆ ಕೂತಿರುವುದೇ ಲೇಸರ್ ಡಯೋಡ್.

ಸಿ.ಡಿ.ಯಲ್ಲಿ ಮಾಹಿತಿ ಇರುವುದು ಒಳಗಿನಿಂದ ಹೊರಕ್ಕೆ ಸುತ್ತುವ ಒಂದೇ ಸಾಲಿನಲ್ಲಿ. ಸಾಲಿನಿಂದ ಸಾಲಿಗೆ ಅಂತರ 1.6 ಮೈಕ್ರೊಮೀಟರ್. ಅಂದರೆ ಒಂದು ತಲೆಗೂದಲಿನ ಅಗಲದಲ್ಲಿ ಸುಮಾರು 40 ಸುತ್ತು! ಆ ಸುರುಳಿಯನ್ನು ಬಿಡಿಸಿ ಹಾಸಿದರೆ 5 ಕಿಲೋಮೀಟರ್ ದಾಟುತ್ತದೆ. ಲೆಡ್ಜರಿನಲ್ಲಿ ನಾವು ಎಷ್ಟು ಸಣ್ಣಕ್ಷರ ಬರೆದರೂ ಇದರ ಹತ್ತಿರಕ್ಕೂ ಬರುವುದಿಲ್ಲ. ಇಷ್ಟು ಸಣ್ಣದನ್ನು ಓದುವುದು ಆ ಗುಂಡಿಯ ಬೆಳಕು.

ಈಗ ಮುಖ್ಯ ಮಾತು. ಡಿ.ವಿ.ಡಿ. ರೈಟರಿನ ಡಯೋಡನ್ನು ಕಿತ್ತು ಬೆಂಕಿಕಡ್ಡಿ ಹೊತ್ತಿಸುವ ವಿಡಿಯೋಗಳನ್ನು ನೀವು ನೋಡಿರಬಹುದು. ನನ್ನ ಮೊಮ್ಮಗನೂ "ತಾತ, ನಾವೂ ಮಾಡೋಣ" ಎಂದ. ನಾನು ಒಪ್ಪಲಿಲ್ಲ, ಮೂರು ದಿನ ಮಾತು ಬಿಟ್ಟ. ಬಿಡಲಿ. ಪಾಠ ಹೇಳುವಾಗ ಬಳಸುವ ಸಾಧಾರಣ ಪಾಯಿಂಟರಿನ ಬೆಳಕು 1 ಮಿಲಿವ್ಯಾಟ್ ಒಳಗಿದ್ದರೆ, ರೈಟರಿನದು 100 ಮಿಲಿವ್ಯಾಟ್‌ಗೂ ಮೀರಬಹುದು. ಕಣ್ಣಿಗೆ ಬೆಳಕು ಬಿದ್ದರೆ ರೆಪ್ಪೆ ಮುಚ್ಚಲು ಕಾಲು ಸೆಕೆಂಡ್ ಬೇಕು. ಅಷ್ಟರಲ್ಲಿ ಕಣ್ಣಿನ ಮಸೂರವೇ ಆ ಬೆಳಕನ್ನು ಒಂದು ಚುಕ್ಕೆಗೆ ಕೂಡಿಸಿ ಅಕ್ಷಿಪಟಲವನ್ನು ಸುಟ್ಟಿರುತ್ತದೆ. ನೋವೂ ಆಗದಿರಬಹುದು. ಸುಟ್ಟ ಜಾಗ ಮತ್ತೆ ಚಿಗುರುವುದಿಲ್ಲ.

ಸಿ.ಡಿ.ಯ ಲೇಸರ್ ಇನ್ನೂ ಕಪಟಿ. ಡಿ.ವಿ.ಡಿ.ಯದು 650 ನ್ಯಾನೊಮೀಟರಿನ ಕೆಂಪು, ಕಾಣುತ್ತದೆ. ಸಿ.ಡಿ.ಯದು 780, ಅವಕೆಂಪು. ಅದು ಕಣ್ಣಿಗೆ ಹೆಚ್ಚುಕಡಿಮೆ ಕಾಣುವುದೇ ಇಲ್ಲ, ಹಾಗಾಗಿ ರೆಪ್ಪೆಯೂ ಮುಚ್ಚುವುದಿಲ್ಲ. ಬೆಳಕು ನೇರ ಬೀಳಬೇಕೆಂದೂ ಇಲ್ಲ. ಗೋಡೆ ಗಡಿಯಾರದ ಗಾಜಿಗೆ ತಗಲಿ ತಿರುಗಿದರೂ ಸಾಕು, ಅತ್ತ ತರಕಾರಿ ಹೆಚ್ಚುತ್ತಾ ಕುಳಿತ ಅಜ್ಜಿಯ ಕಣ್ಣಿಗೆ ಬೀಳಬಹುದು. ಬಿಸಿಲಿನ ಕಪ್ಪು ಕನ್ನಡಕ ಇದಕ್ಕೆ ತಡೆಯಲ್ಲ. ಆಯಾ ಬಣ್ಣದ ಲೇಸರಿಗೆಂದೇ ಮಾಡಿದ ಕನ್ನಡಕ ಬೇಕು, ವಿದ್ಯುತ್ ಪ್ರವಾಹವನ್ನು ಹಿಡಿದಿಡುವ ಸರ್ಕ್ಯೂಟ್ ಬೇಕು. ಅದು ಕಾಲೇಜಿನ ಪ್ರಯೋಗಾಲಯದಲ್ಲಿ, ಮೇಷ್ಟ್ರ ಎದುರು ಆಗಲಿ. ಮನೆಯಲ್ಲಿ ಡಯೋಡಿಗೆ ಬ್ಯಾಟರಿ ಮುಟ್ಟಿಸುವುದೇ ಬೇಡ.

ಹಾಗೆಂದು ಡ್ರೈವ್ ದಂಡವಾಗಲಿಲ್ಲ. ಮೋಟರು ಪುಟ್ಟ ಫ್ಯಾನಿಗೆ ಆಗುತ್ತದೆ. ಮಸೂರದ ಪಕ್ಕದ ಆಯಸ್ಕಾಂತದ ಚೂರುಗಳು ಬಲವಾದವು. ತೆವಳುವ ಮಗು ಇರುವ ಮನೆಯಲ್ಲಿ ಅವನ್ನು ಡಬ್ಬಿಯಲ್ಲಿಟ್ಟು ಮುಚ್ಚಿ. ಎರಡು ನುಂಗಿದರೆ ಕರುಳಿನೊಳಗೆ ಒಂದನ್ನೊಂದು ಕಚ್ಚಿ ಹಿಡಿದು ಆಪರೇಷನ್ನಿಗೇ ತಂದುಬಿಡಬಹುದು. ಉಳಿದ ಬೋರ್ಡು ಮತ್ತು ಡಯೋಡನ್ನು ಕಸದ ಬುಟ್ಟಿಗೆ ಹಾಕದೆ ಇ-ತ್ಯಾಜ್ಯ ತೆಗೆದುಕೊಳ್ಳುವಲ್ಲಿಗೆ ಕೊಡಿ.

ಮಸೂರ ಮಾತ್ರ ಬಿಡಬೇಡಿ. ಅದನ್ನು ಮೊಬೈಲ್ ಕ್ಯಾಮೆರಾದ ಮೇಲೆ ಟೇಪಿನಿಂದ ಅಂಟಿಸಿ, ಪುಡಿ ಉಪ್ಪಿನ ಹತ್ತಿರ ಹಿಡಿದು, ಚಿತ್ರ ಸ್ಪಷ್ಟವಾಗುವ ತನಕ ಮೆಲ್ಲಗೆ ಮೇಲೆ ಕೆಳಗೆ ಮಾಡಿ. ಉಪ್ಪಿನ ಕಣಗಳು ಚೌಕ ಪೆಟ್ಟಿಗೆಗಳಂತೆ ಕಾಣುತ್ತವೆ. ಬಳಿಕ ಸಕ್ಕರೆ, ಇರುವೆ, ಅಜ್ಜಿಯ ರೇಷ್ಮೆ ಸೀರೆಯ ಜರಿ. ಜರಿ ನೋಡುವಾಗ ಅಜ್ಜಿಯನ್ನು ಕೇಳಿಯೇ ಮುಟ್ಟಿ.